ಲೋಲಕದ ಅಶಿಸ್ತಿನ ನಡವಳಿಕೆಯ ಬಗ್ಗೆ

ಕ್ರಮಾಂಕ: ಕಾಪಾ/ಗಡಿ/ಲೋಲ/209, ನಾಲ್ಕನೆಯ ತಿದ್ದುಪಡಿ
ದಿನಾಂಕ: ಶುಕ್ರವಾರ (ವೇಳೆ ವಿವಾದಾಸ್ಪದ)

ವಿಷಯ: ನಡುಹಜಾರದ ಗಡಿಯಾರದ ಲೋಲಕವು ಮೇಲಧಿಕಾರಿಗಳ ಆದೇಶಗಳಿಗೆ ಕ್ಯಾರೇ ಎನ್ನದೆ ತೂಗಾಡುತ್ತಿರುವ ಬಗ್ಗೆ ಹಾಗೂ ಗಡಿಯಾರ ಪಾಲಕಿಯ ಅಧಿಕಪ್ರಸಂಗದ ಬಗ್ಗೆ.

ಉಲ್ಲೇಖ: 1. ಗಡಿಯಾರದ ಮುಳ್ಳುಗಳನ್ನು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹೊರತು ಬೇರಾವಾಗಲೂ ಮುಟ್ಟಕೂಡದೆಂಬ ಸುತ್ತೋಲೆ.
2. ಸದರಿ ಸುತ್ತೋಲೆ ಏಕೆಂದು ಕೇಳಕೂಡದೆಂಬ ಸುತ್ತೋಲೆ.
3. ಗಡಿಯಾರ ಪಾಲಕಿಯ ಅರ್ಜಿಗಳು (ಹನ್ನೊಂದು).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸಮಸ್ತ ಸಿಬ್ಬಂದಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಡುಹಜಾರದ ಗಡಿಯಾರವು ದಿನಕ್ಕೆ ಹನ್ನೆರಡು ನಿಮಿಷ ಹಿಂದೆ ಬೀಳುತ್ತಿದ್ದು, ಸೋಮವಾರ ಸರಿಪಡಿಸಿದ ವೇಳೆಯು ಶುಕ್ರವಾರ ಸಂಜೆಯ ಹೊತ್ತಿಗೆ ಐವತ್ತೊಂದು ನಿಮಿಷ ಹಿಂದುಳಿಯುತ್ತಿತ್ತು. ಈ ಗಡಿಯಾರದಲ್ಲಿ ಐದು ಹೊಡೆದ ಮೇಲೆಯೇ ಸಿಬ್ಬಂದಿಯನ್ನು ಹೊರಗೆ ಬಿಡುವ ಪದ್ಧತಿ ಇದೆ. ತನ್ನ ಆರು ವರ್ಷದ ಮಗಳ ಶಾಲೆಯ ಗೇಟು ಐದೂವರೆಗೆ ಮುಚ್ಚುತ್ತದೆಂದೂ, ಆಮೇಲೆ ಮಗು ರಸ್ತೆ ಬದಿಯ ಕಲ್ಲುಬೆಂಚಿನ ಮೇಲೆ ಒಂಟಿಯಾಗಿ ಕೂತಿರುತ್ತದೆಂದೂ ಗಡಿಯಾರ ಪಾಲಕಿಯು ಅರ್ಜಿ ಮೇಲೆ ಅರ್ಜಿ ಬರೆದಿರುತ್ತಾರೆ. ಲೋಲಕದ ತುದಿಯ ಭಾರದ ಬಿಲ್ಲೆಯ ಕೆಳಗಿರುವ ತಿರುಪನ್ನು ಹದಿನೇಳು ಸುತ್ತು ತಿರುಗಿಸಿ, ಬಿಲ್ಲೆಯನ್ನು ಹದಿನೇಳು ಮಿಲಿಮೀಟರ್ ಮೇಲೇರಿಸಿದರೆ ಲೋಲಕ ಗಿಡ್ಡವಾಗಿ ಬೇಗ ತೂಗಿ ಗಡಿಯಾರ ಸರಿಹೋಗುತ್ತದೆಂದು ಹನ್ನೊಂದು ಸಲವೂ ಅದೇ ಮಾತನ್ನು ಹೇಳಿರುತ್ತಾರೆ. ಇಲಾಖೆಯ ಆಸ್ತಿಯೊಂದನ್ನು ಕೆಳದರ್ಜೆಯ ನೌಕರರ ಮಾತು ಕೇಳಿ ಗಿಡ್ಡ ಮಾಡಲು ಬರುವುದಿಲ್ಲ. ಆದ್ದರಿಂದ ಜಂಟಿ ನಿರ್ದೇಶಕರು ಈ ವಿಷಯದಲ್ಲಿ ಖುದ್ದು ತಲೆ ಹಾಕಿದರು.

1. ಭಾರವಾದದ್ದು ಬೇಗ ಬೀಳುತ್ತದೆ ಎಂಬುದು ಜಂಟಿ ನಿರ್ದೇಶಕರ ಇಪ್ಪತ್ತೆಂಟು ವರ್ಷಗಳ ಸೇವಾನುಭವ. ಅದರಂತೆ ಬಿಲ್ಲೆಯ ನಟ್ಟನಡುವಿಗೆ ಎರಡು ಕಬ್ಬಿಣದ ಪೇಪರ್‌ವೇಟ್ ಕಟ್ಟಿಸಲಾಯಿತು. ಲೋಲಕವು ಅತ್ತಿಂದಿತ್ತ ಒಮ್ಮೆ ಹೋಗಿಬರಲು ಮೊದಲು ತೆಗೆದುಕೊಳ್ಳುತ್ತಿದ್ದಷ್ಟೇ ಹೊತ್ತನ್ನು ತೆಗೆದುಕೊಂಡಿತು. ಪೇಪರ್‌ವೇಟ್ ಕಟ್ಟುವ ಮೊದಲೇ ಪಾಲಕಿಯು, "ತೂಕ ಜಾಸ್ತಿ ಆದ್ರೆ ಕೆಳಕ್ಕೆ ಎಳೆಯೋ ಜೋರೂ ಜಾಸ್ತಿ, ಅದನ್ನ ಅಲ್ಲಾಡಿಸೋ ಕಷ್ಟಾನೂ ಅಷ್ಟೇ ಜಾಸ್ತಿ ಸರ್, ಉಪಯೋಗ ಇಲ್ಲ" ಎಂದು ಎಲ್ಲರೆದುರು ನುಡಿದಿರುತ್ತಾರೆ. ಹಾಗೆ ನುಡಿಯಲು ಪೂರ್ವಾನುಮತಿ ಪಡೆದಿರುವುದಿಲ್ಲ.

2. ತದನಂತರ, ನಡೆಯುವ ದೂರವನ್ನು ಕಡಿತಗೊಳಿಸಿದರೆ ಹೊತ್ತೂ ಉಳಿಯಬೇಕೆಂಬ ನ್ಯಾಯವಾದ ನಿರೀಕ್ಷೆಯಿಂದ ಲೋಲಕದ ತೂಗಾಟವನ್ನು ಅರ್ಧಕ್ಕೆ ಇಳಿಸಲಾಯಿತು. ಲೋಲಕವು ಅರ್ಧ ದೂರವನ್ನು ಅರ್ಧ ವೇಗದಲ್ಲಿ ನಡೆದು, ಅಷ್ಟೇ ಹೊತ್ತು ತೆಗೆದುಕೊಂಡಿತು. ಕೆಲಸ ಕಡಿಮೆಯಾದಂತೆ ಕೈಯನ್ನೂ ನಿಧಾನ ಮಾಡುವ ಈ ಚಾಳಿಯನ್ನು ಲೋಲಕವು ಇದೇ ಕಚೇರಿಯಲ್ಲಿ ಕಲಿತಿದೆಯೆಂದು ಬೆರಳಚ್ಚುಗಾರರು ಪಿಸುಗುಟ್ಟಿದ್ದು, ಅವರ ಮೇಲೆ ಪ್ರತ್ಯೇಕ ಕ್ರಮ ಜರುಗಿಸಲಾಗುತ್ತಿದೆ.

3. ಲೋಲಕದ ನಡವಳಿಕೆಯನ್ನು ಮೂರು ಜನರ ಸಮಿತಿಯು ಕುರ್ಚಿ ಹಾಕಿಕೊಂಡು ಎರಡು ದಿನ ನೋಡಿ ಕೆಳಕಂಡ ಲೋಪಗಳನ್ನು ಪತ್ತೆಹಚ್ಚಿದೆ:

(ಅ) ಲೋಲಕಕ್ಕೆ ನಡುವಿನ ಸ್ಥಾನವನ್ನು ಮಂಜೂರು ಮಾಡಲಾಗಿದ್ದರೂ ಅಲ್ಲಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಆ ಜಾಗದಲ್ಲೇ ಅತಿ ಹೆಚ್ಚಿನ ವೇಗದಲ್ಲಿ ಓಡಿಹೋಗುತ್ತದೆ.

(ಆ) ಏನೂ ಕೆಲಸವಿಲ್ಲದ ಎರಡು ಕೊನೆಗಳಲ್ಲಿ ಮಾತ್ರ ಅರೆಗಳಿಗೆ ನಿಂತು ಸುಧಾರಿಸಿಕೊಳ್ಳುತ್ತದೆ.

(ಇ) ನಡುವಿನಿಂದ ಎಷ್ಟು ದೂರ ಹೋಗುತ್ತದೋ ಅಷ್ಟೇ ಬಲವಾಗಿ ಅದನ್ನು ನಡುವಿಗೆ ಯಾರೋ ಎಳೆಯುತ್ತಾರೆ. ಹೀಗೆ ಎಳೆಯುವವರ ಹೆಸರು ಸಿಬ್ಬಂದಿ ಪಟ್ಟಿಯಲ್ಲಿ ಇರುವುದಿಲ್ಲ.

ಆದುದರಿಂದ ಲೋಲಕವು ಇನ್ನು ಮುಂದೆ ನಡುವಿನ ಸ್ಥಾನವನ್ನು ಬಿಡುವ ಪ್ರತಿ ಸಲವೂ ಚಲನವಲನ ಪುಸ್ತಕದಲ್ಲಿ ನಮೂದಿಸಿಯೇ ಹೊರಡತಕ್ಕದ್ದೆಂದು ಸೂಚಿಸಲಾಗಿದೆ. ಲೋಲಕಕ್ಕೆ ಕೈ ಇಲ್ಲದಿರುವ ಕಾರಣ ಅದರ ಪರವಾಗಿ ಪಾಲಕಿಯು ಪ್ರತಿ ಸೆಕೆಂಡಿಗೆ ಒಂದರಂತೆ ಸಹಿ ಮಾಡತಕ್ಕದ್ದು.

4. ಇಂತಹ ಓಡಾಟಕ್ಕೆ ಸರಳ ಸಂಗತ ಚಲನೆ ಎನ್ನುತ್ತಾರೆಂದೂ, ಶಾಲಾ ಪುಸ್ತಕದಲ್ಲೇ ಇದೆಯೆಂದೂ ಪಾಲಕಿಯು ಒಂಬತ್ತನೆಯ ಅರ್ಜಿಯಲ್ಲಿ ಬರೆದಿರುತ್ತಾರೆ. ಇಲಾಖೆಯಲ್ಲಿ ಯಾವುದನ್ನು ಸರಳವೆನ್ನಬೇಕೆಂದು ತೀರ್ಮಾನಿಸುವ ಅಧಿಕಾರ ಜಂಟಿ ನಿರ್ದೇಶಕರಿಗೆ ಮಾತ್ರ ಇರುತ್ತದೆ.

5. ಎಲ್ಲಕ್ಕಿಂತ ಗಂಭೀರವಾದ ಅಂಶವೇನೆಂದರೆ, ಇಲಾಖೆಯ ಎರಡೂ ಪ್ರಯತ್ನಗಳು ವಿಫಲವಾಗುತ್ತವೆಂದು ಪಾಲಕಿಗೆ ಮೊದಲೇ ಗೊತ್ತಿತ್ತು. ಆಗುವುದನ್ನು ಮುಂಚಿತವಾಗಿ ಹೇಳಿ, ಹೇಳಿದಂತೆಯೇ ಆಗಿರುವುದು ಲೋಲಕದೊಂದಿಗೆ ಒಳಸಂಚು ನಡೆಸಿರುವುದಕ್ಕೆ ಸಾಕ್ಷಿ. ಏನೂ ಗೊತ್ತಿಲ್ಲದ ನೌಕರರ ಮೇಲೆ ಈವರೆಗೆ ಇಂತಹ ಆರೋಪ ಬಂದಿರುವುದಿಲ್ಲ.

6. ಕಳೆದ ಶುಕ್ರವಾರ ನಿಜವಾದ ವೇಳೆ ಐದೂ ಮುಕ್ಕಾಲಿಗೆ ಹಜಾರದ ದೂರವಾಣಿಗೆ ಕರೆಯೊಂದು ಬಂದಿದ್ದು, ಶಾಲೆಯ ಕಾವಲುಗಾರನ ಫೋನಿನಿಂದ ಪಾಲಕಿಯ ಮಗಳು, "ಅಮ್ಮಾ, ನಿಮ್ಮ ಗಡಿಯಾರಕ್ಕೆ ಹುಷಾರಿಲ್ವಾ? ಇಲ್ಲಿ ಎಲ್ಲಾರೂ ಹೋದ್ರು" ಎಂದು ಕೇಳಿರುವುದು ದಾಖಲಾಗಿದೆ. ಇಲಾಖೆಯ ಆಸ್ತಿಯ ಆರೋಗ್ಯವನ್ನು ಹೊರಗಿನವರು ವಿಚಾರಿಸುವುದು ನಿಯಮಬಾಹಿರ. ಪಾಲಕಿಯು ಅತ್ತಿರುತ್ತಾರೆ. ಅಳುವಿಗೆ ರಜೆ ಚೀಟಿ ಕೊಟ್ಟಿರುವುದಿಲ್ಲ.

7. ಹಿರಿಯ ಅಧಿಕಾರಿಗಳು ಬೆಳಿಗ್ಗೆ ಬರುವಾಗ ಹಜಾರದ ಗಡಿಯಾರವನ್ನೂ ಸಂಜೆ ಹೋಗುವಾಗ ತಮ್ಮ ಕೈಗಡಿಯಾರವನ್ನೂ ಅನುಸರಿಸುವ ಪದ್ಧತಿ ಮುಂದುವರಿಯತಕ್ಕದ್ದು.

8. ಹೀಗಿರಲಾಗಿ, ನಾಲ್ಕು ದಿನಗಳ ಪ್ರವಾಸ ಮುಗಿಸಿ ಇಂದು ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಎಂದಿನಂತೆ ಸಕಾಲಕ್ಕೆ ಆಗಮಿಸಿದ ಜಂಟಿ ನಿರ್ದೇಶಕರು, ಹಜಾರದ ಗಡಿಯಾರದಲ್ಲೂ ಪ್ರತಿ ಶುಕ್ರವಾರದಂತೆ ಹತ್ತರ ಬದಲು ಹತ್ತೂ ಮುಕ್ಕಾಲೇ ಆಗಿರುವುದನ್ನು ಕಂಡು ಮೆಟ್ಟಿಲ ಮೇಲೆಯೇ ಕುಸಿದು ಕೂತಿರುತ್ತಾರೆ. ವಿಚಾರಿಸಲಾಗಿ, ಪಾಲಕಿಯು ಸೋಮವಾರ ಬೆಳಿಗ್ಗೆ ಮುಳ್ಳು ಸರಿಪಡಿಸುವ ನೆಪದಲ್ಲಿ ತಿರುಪನ್ನು ಹದಿನೇಳು ಸುತ್ತು ತಿರುಗಿಸಿರುವುದಾಗಿ ಒಪ್ಪಿಕೊಂಡಿರುತ್ತಾರೆ. ಪಶ್ಚಾತ್ತಾಪ ಇದೆಯೇ ಎಂಬ ಪ್ರಶ್ನೆಗೆ, "ಇದೆ ಸರ್. ಮೊದಲನೇ ಅರ್ಜಿ ಬರೆಯೋ ಬದಲು ಅವತ್ತೇ ತಿರುಗಿಸಬೇಕಿತ್ತು" ಎಂದು ಉತ್ತರಿಸಿರುತ್ತಾರೆ. ನಾಲ್ಕು ದಿನಗಳಿಂದ ಗಡಿಯಾರವು ಒಂದು ನಿಮಿಷವೂ ತಪ್ಪಿರುವುದಿಲ್ಲ. ಮಂಜೂರಾತಿ ಇಲ್ಲದೆ ತೋರಿಸಿದ ಸರಿಯಾದ ವೇಳೆಯು ಅನಧಿಕೃತ ವೇಳೆಯಾಗಿದ್ದು, ಆ ನಾಲ್ಕು ದಿನ ಯಾರೂ ಕೆಲಸ ಮಾಡಿರುವುದಿಲ್ಲವೆಂದು ಭಾವಿಸತಕ್ಕದ್ದು.

9. ಮೇಲ್ಕಂಡ ಕಾರಣಗಳಿಂದ ಪಾಲಕಿಯನ್ನು ಇಂದು ಸಂಜೆ ಐದರಿಂದ ಸೇವೆಯಿಂದ ಅಮಾನತುಗೊಳಿಸಲಾಗಿದೆ. ಗಡಿಯಾರವನ್ನು ಮತ್ತೆ ಮೊದಲಿನಂತೆ ತಪ್ಪಾಗಿಸಲು ತಿರುಪನ್ನು ಹದಿನೇಳು ಸುತ್ತು ಹಿಂದಕ್ಕೆ ತಿರುಗಿಸಬೇಕಾಗಿರುತ್ತದೆ. ಯಾವ ಕಡೆ ಹಿಂದಕ್ಕೆ ಎಂಬುದು ಅಮಾನತುಗೊಂಡಿರುವವರಿಗೆ ಮಾತ್ರ ಗೊತ್ತಿರುವುದರಿಂದ ಅವರನ್ನು ಕೇಳಲಾಯಿತು. ಅಷ್ಟರಲ್ಲಿ ಗಡಿಯಾರ ಐದು ಹೊಡೆದಿದ್ದು, ಅವರು ಚೀಲ ತೆಗೆದುಕೊಂಡು ಹೊರಟುಹೋಗಿರುತ್ತಾರೆ. ತಡೆಯಲು ಯಾವ ನಿಯಮವೂ ಆ ಕ್ಷಣದಲ್ಲಿ ಸಿಕ್ಕಿರುವುದಿಲ್ಲ.

ಈ ಸುತ್ತೋಲೆಯನ್ನು ಎಲ್ಲರೂ ಓದಿ, ಅರ್ಥವಾಗದಿದ್ದಲ್ಲಿ ಅರ್ಥವಾಗಿದೆಯೆಂದು ಸಹಿ ಮಾಡತಕ್ಕದ್ದು.

ಸಹಿ/-
ಜಂಟಿ ನಿರ್ದೇಶಕರು
(ಕುಸಿದು ಕೂತಲ್ಲಿಂದಲೇ ಸಹಿ ಮಾಡಲಾಗಿದೆ)

ಪ್ರತಿಗಳು:
1. ಲೋಲಕಕ್ಕೆ, ಗಡಿಯಾರದ ಗಾಜಿನ ಮೇಲೆ, ಅದು ತೂಗಾಡುತ್ತಲೇ ಓದಲು ಅನುವಾಗುವಂತೆ ಅಂಟಿಸುವುದು.
2. ಮೂವರ ಸಮಿತಿಗೆ, ಇನ್ನೂ ಎರಡು ದಿನ ನೋಡಲು.
3. ಬೆರಳಚ್ಚುಗಾರರಿಗೆ, ನಗದೆ ಟೈಪು ಮಾಡಿದ್ದಕ್ಕೆ ಪ್ರಶಂಸೆಯೊಂದಿಗೆ.
4. ಪಾಲಕಿಯ ಮಗಳಿಗೆ, ಶಾಲೆಯ ಗೇಟಿನ ಹೊರಗಿನ ಕಲ್ಲುಬೆಂಚು, ಎಚ್ಚರಿಕೆಗಾಗಿ. (ಬಟವಾಡೆಯಾಗದೆ ಹಿಂತಿರುಗಿದೆ. ಜವಾನರ ಷರಾ: "ಬೆಂಚಿನ ಮೇಲೆ ಯಾರೂ ಇಲ್ಲ ಸರ್. ಐದೂ ಕಾಲಿಗೇ ಅವರಮ್ಮ ಬಂದು ಕರ್ಕೊಂಡು ಹೋದ್ರಂತೆ.")