ನಮ್ಮ ಕಾರಿನ ಕೀಗಾಗಿ ಬಾಗಿ ಮೀನು ಬಿಟ್ಟಿದ್ದು

"ಎರಡ್ ದಿನ ಅಲ್ಲ, ಎರಡ್ ವರ್ಷ ಬೇಕಾರೂ ಇದ್ಕಂಡ್ ಬಾ. ನಂಗೆ ಯಾರ ಹಂಗೂ ಇಲ್ಲೆ."

ಹೀಗೆಂದು ನಾನು ಘೋಷಿಸಿದ್ದು ನನ್ನ ಹೆಂಡತಿ ಸ್ನೇಹಲತಾ ಬಿಜೂರಿನ ತವರಿಗೆ ಹೊರಟು ನಿಂತ ದಿನ. ಅವಳ ಅಕ್ಕ ಅಂಗಳದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು, ಆರೈಕೆಗೆ ಜನ ಬೇಕಾಗಿತ್ತು. ಹೋಗುವವಳು ಬಾಗಿಲಲ್ಲಿ ನಿಂತು "ನಿಮ್ಗೆ ಒಬ್ರಿಗೇ ಆತ್ತಾ?" ಎಂದು ಪಾಪ ಕೇಳಿದ್ದಳಷ್ಟೆ. ಅಷ್ಟಕ್ಕೇ ನನ್ನ ಗಂಡಸುತನ ಎದ್ದು ಕೂತಿತು. ಮೂವತ್ತು ವರ್ಷ ಹುಬ್ಬಳ್ಳಿಯಲ್ಲಿ ಹೋಟೆಲ್ ನಡೆಸಿದವನು ನಾನು. ದಿನಕ್ಕೆ ಐನೂರು ಜನಕ್ಕೆ ಉಣಬಡಿಸಿದ ಈ ಮಹಾಪುರುಷನಿಗೆ, ಕುಂದಾಪುರದ ಪಕ್ಕದ ಕಡಲ ತೀರದ ಊರಾದ ಕೋಡಿಯ ಮನೆಯಲ್ಲಿ ಒಬ್ಬನ ಗಂಜಿ ಬೇಯಿಸಿಕೊಳ್ಳುವುದು ಒಂದು ಕೆಲಸವೇ! ಮೇಲಾಗಿ ಅಂಗಳದಲ್ಲಿ ಕಾರಿದೆ. ಕಾರಿದ್ದವನಿಗೆ ಜಗತ್ತೇ ನೆಂಟ ಎಂದು ನಂಬಿದ್ದೆ.

ಮೊದಲ ವಾರ ರಾಜನಂತಿದ್ದೆ. ಎರಡನೆಯ ವಾರ ಪ್ರಜೆಗಳಿಲ್ಲದ ರಾಜನಂತಿದ್ದೆ. ಮೂರನೆಯ ವಾರದಿಂದ ಗ್ಯಾಸ್ ಸಿಲಿಂಡರಿನ ಹತ್ತಿರ ಮಾತಾಡತೊಡಗಿದೆ. "ಇನ್ನೂ ಎಷ್ಟ್ ದಿನ ಬತ್ತೆ ಮಾರಾಯ ನೀನ್?" ಎಂದು ಕೇಳಿದರೆ ಅದು ಉತ್ತರ ಕೊಡುತ್ತಿರಲಿಲ್ಲ. ಹೆಂಡತಿಯೂ ಅಷ್ಟೇ. ದಿನಕ್ಕೊಂದು ಫೋನು.

"ಉಂಡ್ರಿಯಾ?"

"ಉಂಡೆ. ಅಕ್ಕನ್ ಕಾಲ್ ಹ್ಯಾಂಗಿತ್ತ್?"

"ಅಡ್ಡಿಲ್ಲೆ."

"ಫೋನ್ ಇಡ್ಲಾ?"

"ಇಡಿ."

ಮುಗಿಯಿತು. ನಾನು ನೋಡಿಟ್ಟಿದ್ದೇನೆ, ಸರಿಯಾಗಿ ನಲವತ್ತು ಸೆಕೆಂಡು. ಎರಡು ತಿಂಗಳಾಗುವಷ್ಟರಲ್ಲಿ ಅಕ್ಕ ಕೋಲು ಬಿಟ್ಟು ಓಡಾಡುತ್ತಿದ್ದಾಳೆಂಬ ಸುದ್ದಿ ಬೇರೆಯವರಿಂದ ನನಗೆ ಬಂದಿತ್ತು. ಆದರೂ ಇವಳು "ಬತ್ತೆ" ಎನ್ನಲಿಲ್ಲ, ನಾನು "ಬಾ" ಎನ್ನಲಿಲ್ಲ. ಯಾರ ಹಂಗೂ ಇಲ್ಲ ಎಂದು ಡಂಗುರ ಸಾರಿದವನು ಹೇಗೆ ಕರೆಯುವುದು? ಬಿಜೂರು ಇರುವುದು ಕಾರಿನಲ್ಲಿ ಮುಕ್ಕಾಲು ಗಂಟೆಯ ದೂರದಲ್ಲಿ. ಮರ್ಯಾದೆಯ ಲೆಕ್ಕದಲ್ಲಿ ಅದು ಲಂಡನ್ನಿಗಿಂತ ದೂರ.

ಹೊತ್ತು ಹೋಗಬೇಕಲ್ಲ. ಹಾಗಾಗಿ ನಾನು ಕಾರು ಹತ್ತಿ ಕುಂದಾಪುರದ ಮಾರ್ಕೆಟಿಗೆ ಮೀನಿಗೆ ಹೋಗುವ ಅಭ್ಯಾಸ ಇಟ್ಟುಕೊಂಡೆ. ಕೋಡಿಯವರು ಇದನ್ನು ಕೇಳಿದರೆ ಹುಚ್ಚನೆಂದಾರು. ಮನೆಯೆದುರಿಗೆ ದೋಣಿ ಬಂದು ನಿಲ್ಲುವ ಊರಲ್ಲಿ ಪೇಟೆಗೆ ಹೋಗಿ ಮೀನು ತರುವವನು ನಾನೊಬ್ಬನೇ. ಅದೂ ನಾಲ್ಕು ದಿನದ್ದು ಒಟ್ಟಿಗೆ ತಂದು ಫ್ರೀಜರಿನಲ್ಲಿ ಇಡುತ್ತಿದ್ದೆ. ಕೋಡಿಯಲ್ಲಿ ಕೂತು ಐಸಿನ ಮೀನು ತಿನ್ನುವುದು ಎಂಥ ಅಪರಾಧವೆಂದರೆ, ಪಕ್ಕದ ಮನೆಯ ಬಾಗಿಗೆ ಗೊತ್ತಾದರೆ ನಮ್ಮ ಮನೆಯ ನೀರೂ ಕುಡಿಯುತ್ತಿರಲಿಲ್ಲ. ಅವಳ ಗಂಡ ಚಂದಯ್ಯ ಮೂವತ್ತೈದು ವರ್ಷದಿಂದ ಕಡಲಿಗೆ ಹೋಗುವವನು. ಅವರ ಕಣ್ಣು ತಪ್ಪಿಸಿ, ಕಳ್ಳಮಾಲು ಸಾಗಿಸುವವನ ಹಾಗೆ ಬಂಗುಡೆ ಒಳಗೆ ತರುತ್ತಿದ್ದೆ.

ಆ ಬುಧವಾರವೂ ಹಾಗೆಯೇ ತಂದೆ, ಮುಚ್ಚಿಟ್ಟೆ. ಮಧ್ಯಾಹ್ನ ಮತ್ತೆಲ್ಲಿಗೋ ಹೊರಡೋಣವೆಂದರೆ ಕೀ ಇಲ್ಲ!

ಅಂಗಿಯ ಕಿಸೆ, ಪ್ಯಾಂಟಿನ ಕಿಸೆ, ದೇವರ ಕೋಣೆ, ಸಕ್ಕರೆ ಡಬ್ಬ, ಎಲ್ಲ ಮುಗಿಸಿ ಕೊನೆಗೆ ಹಾಸಿಗೆಯನ್ನೇ ಅಂಗಳಕ್ಕೆ ಹೊತ್ತು ತಂದು ಬಡಿಯತೊಡಗಿದೆ. ಗೋಡೆಯಾಚೆಯಿಂದ ಬಾಗಿಯ ತಲೆ ಮೂಡಿತು.

"ಹ್ವಾಯ್ ರಾಜೀವಣ್ಣ, ಹಾಸ್ಗಿ ಎಂತಕೆ ಬಡಿತ್ರಿ?"

"ಕಾರಿನ್ ಕೀ ಕಾಂತಿಲ್ಲೆ ಬಾಗಿ."

"ಹಾಸ್ಗಿ ಮೇಲೆ ಕಾರ್ ಬಿಡ್ತ್ರ್ಯಾ ನೀವ್?"

ಹೇಳಿದವಳು ಸುಮ್ಮನಿರಲಿಲ್ಲ, ಬಂದೇ ಬಿಟ್ಟಳು. ಹಿಂದೆಯೇ ಚಂದಯ್ಯ ಬಂದ. ಸಂಜೆಯೊಳಗೆ ಅರ್ಧ ಕೇರಿ ನಮ್ಮ ಮನೆಯಲ್ಲಿತ್ತು. ಒಬ್ಬರು ಸೋಫಾ ಮಗುಚಿದರು, ಒಬ್ಬರು ತೆಂಗಿನ ಕಟ್ಟೆ ಕೆದಕಿದರು, ಚಂದಯ್ಯ ಬಾವಿಗೆ ಕೊಕ್ಕೆ ಇಳಿಬಿಟ್ಟು ಅರ್ಧ ಗಂಟೆ ತಡಕಾಡಿ ಒಂದು ತಾಮ್ರದ ಚೊಂಬು ಎತ್ತಿದ. ನಾನು ಹನ್ನೊಂದು ಲೋಟ ಚಹಾ ಮಾಡಿದೆ. ಹುಬ್ಬಳ್ಳಿ ಬಿಟ್ಟ ಮೇಲೆ ಅಷ್ಟು ಲೋಟ ತೊಳೆದದ್ದು ಅದೇ ಮೊದಲು. ತೊಳೆಯುತ್ತ ತೊಳೆಯುತ್ತ ನಾನು ಸಿಳ್ಳೆ ಹಾಕುತ್ತಿದ್ದೆ ಎಂಬುದು ಆಮೇಲೆ ಗೊತ್ತಾಯಿತು.

ಕುಂದಾಪುರದಿಂದ ಕೀ ಮಾಡುವ ಸುಜಿತ್‌ನನ್ನೂ ಕರೆಸಿದೆವು. ಅವನು ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ ತಲೆಯಾಡಿಸಿದ.

"ಈ ಕೀ ಒಳ್ಗೆ ಚಿಪ್ ಇರತ್ತ್ ಸರ್. ಇನ್ನೊಂದ್ ಕೀ ಇದ್ರೆ ಕೊಡಿ, ಅರ್ಧ ಗಂಟಿ ಕೆಲ್ಸ. ಎರಡೂ ಇಲ್ದಿರೆ ಗಾಡಿಯನ್ನೇ ಎಳ್ಕಂಡ್ ಮಂಗ್ಳೂರಿಗೆ ಹೋಯ್ಕ್."

"ನನ್ನ್ ಕಾರ್ ಮಾರಾಯ. ಆರ್‌ಸಿ ನನ್ನ್ ಹೆಸ್ರಂಗೆ ಇತ್ತ್."

"ಗಾಡಿಗೆ ಯಜಮಾನ ಯಾರ್ ಅಂದೇಳಿ ಗೊತ್ತಿಲ್ಲೆ ಸರ್. ಕೀ ಮಾತ್ರ ಗೊತ್ತಿಪ್ಪುದ್."

ಇನ್ನೊಂದು ಕೀ ಹೆಂಡತಿಯ ವ್ಯಾನಿಟಿ ಬ್ಯಾಗಿನಲ್ಲಿರಬೇಕು. ಅಲ್ಲಿದ್ದರೆ ಬೈಂದೂರಿನಿಂದ ಬರುವ ಯಾವುದಾದರೂ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಸಾಕು, ಒಂದು ಗಂಟೆಯಲ್ಲಿ ಕುಂದಾಪುರದಲ್ಲಿ. ನಮ್ಮಲ್ಲಿ ಮಲ್ಲಿಗೆ, ಮದ್ದು, ಮದುವೆ ಕಾಗದ ಎಲ್ಲ ಓಡಾಡುವುದು ಹಾಗೆಯೇ. ಫೋನು ಮಾಡಿದೆ.

"ನಿನ್ನ್ ಬ್ಯಾಗಂಗೆ ಕಾರಿನ್ ಇನ್ನೊಂದ್ ಕೀ ಇತ್ತಾ ಕಾಣ್."

"ಎಂತಕೆ?"

"ಇದ್ದದ್ ಕಳ್ದ್ ಹೋಯ್ತ್."

"ಯಾರ ಹಂಗೂ ಇಲ್ಲೆ ಅಂದವ್ರಿಗೆ ಕೀಯ ಹಂಗ್ ಎಂತಕೆ?"

ಅಲ್ಲಿಂದ ಶುರುವಾಯಿತು. ನಾನು ಕನ್ನಡಕ ಕಳೆದದ್ದು, ಮದುವೆಯಾದ ವರ್ಷ ರೈಲಿನಲ್ಲಿ ಟ್ರಂಕು ಬಿಟ್ಟು ಇಳಿದದ್ದು, ಒಂದೂ ಬಿಡದೆ ಬೈದಳು. ಹದಿನಾಲ್ಕು ನಿಮಿಷ! ಎರಡು ತಿಂಗಳಲ್ಲಿ ನಾನು ಕೇಳಿದ ಅತ್ಯಂತ ಸುಖದ ಬೈಗುಳ. ಕೊನೆಗೆ "ಹುಡ್ಕಿ ಕಾಂತೆ. ರಾತ್ರಿ ಫೋನ್ ಮಾಡಿ" ಎಂದು ಇಟ್ಟಳು. ರಾತ್ರಿ ಮಾಡಿದರೆ "ಬ್ಯಾಗಂಗೆ ಇಲ್ಲೆ, ಪೆಟ್ಟಿಗಿಯಂಗೆ ಕಾಂತೆ, ಬೆಳಿಗ್ಗೆ ಮಾಡಿ" ಎಂದಳು. ಮತ್ತೆ ಹತ್ತು ನಿಮಿಷ ಮಾತು.

ಈಗ ತಪ್ಪೊಪ್ಪಿಗೆ. ಗುರುವಾರ ಮಧ್ಯಾಹ್ನ ಸಾರು ಮಾಡೋಣವೆಂದು ಫ್ರೀಜರಿನಿಂದ ಬಂಗುಡೆಯ ಪೊಟ್ಟಣ ತೆಗೆದೆ. ಪೊಟ್ಟಣದ ಅಡಿಗೆ ಕೀ ಮೈತುಂಬ ಐಸು ಹೊದ್ದು ಮಲಗಿತ್ತು. ಹಿಂದಿನ ದಿನ ಮೀನಿನ ಜೊತೆ ಅದನ್ನೂ ಒಳಗಿಟ್ಟಿದ್ದೆ. ಇಡೀ ಮನೆ ಮಗುಚಿದವರು ಫ್ರೀಜರ್ ಮಾತ್ರ ತೆರೆದಿರಲಿಲ್ಲ. ಕೋಡಿಯ ಮನೆಯ ಫ್ರೀಜರಿನಲ್ಲಿ ಏನಾದರೂ ಇದ್ದೀತೆಂದು ಯಾರಿಗೆ ಹೊಳೆಯಬೇಕು?

"ಸಿಕ್ತ್!" ಎಂದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಅಂಗಳದಿಂದ ಬಾಗಿಯ ಸ್ವರ ಕೇಳಿತು. "ರಾಜೀವಣ್ಣ, ಚಾ ಇಡಿ. ಇವತ್ತ್ ಹಂಚಿನ್ ಸಂದಿ ಎಲ್ಲ ಕಾಂಬ. ಕಾಕಿ ಕಚ್ಕಂಡ್ ಹೋದ್ರೂ ಹೋಯಿರ್ಕ್." ಅವಳ ಹಿಂದೆ ನಾಲ್ಕೈದು ಜನರ ಮಾತು, ನಗು. ಮೇಜಿನ ಮೇಲೆ ಫೋನು ಬೇರೆ ಹೊಡೆದುಕೊಳ್ಳುತ್ತಿತ್ತು. ಸ್ನೇಹಲತಾ, ತಾನಾಗಿಯೇ, ಹಾಡುಹಗಲು!

ನಾನು ಬಾಯಿ ಮುಚ್ಚಿದೆ. ಕೀಯನ್ನು ಇದ್ದಲ್ಲಿಯೇ ಇಟ್ಟು ಫ್ರೀಜರಿನ ಬಾಗಿಲು ಹಾಕಿದೆ. ಒಂದೇ ದಿನ, ನಾಳೆ ಸಿಕ್ಕಿತೆಂದರಾಯಿತು ಎಂದುಕೊಂಡೆ. ಕದಿಯುವವರೆಲ್ಲ ಹಾಗೆಯೇ ಅಂದುಕೊಳ್ಳುತ್ತಾರಂತೆ. ನನ್ನ ಕೀಯನ್ನು ನಾನೇ ಕದ್ದದ್ದು ಮಾತ್ರ ವಿಶೇಷ.

ಶುಕ್ರವಾರವೂ ಜನ ಬಂದರು. ಶನಿವಾರವೂ ಬಂದರು. ಹಂಚು ನೋಡಿದ್ದಾಯಿತು, ಚರಂಡಿ ನೋಡಿದ್ದಾಯಿತು. ಹುಡುಕಾಟ ನಿಧಾನಕ್ಕೆ ಹರಟೆಯಾಯಿತು. ಫೋನು ದಿನಕ್ಕೆ ನಾಲ್ಕು ಸಲ. "ಸಿಕ್ತಾ?" "ಇಲ್ಲೆ. ನಿಂಗೆ?" "ಇಲ್ಲೆ, ಕಾಂತೆ." ಆಮೇಲೆ ಮಾತು ಎತ್ತೆತ್ತಲೋ ಹೋಗುತ್ತಿತ್ತು. ಅಕ್ಕನ ಗೊರಕೆಯ ವಿಷಯ, ಗದ್ದೆಗೆ ಬಂದ ನವಿಲಿನ ವಿಷಯ, ನನ್ನ ಸಾರಿಗೆ ಹುಳಿ ಯಾಕೆ ಹೆಚ್ಚಾಗುತ್ತದೆ ಎಂಬ ವಿಷಯ. ಭಾನುವಾರ ರಾತ್ರಿ ಅರ್ಧ ಗಂಟೆ ಮಾತಾಡಿದೆವು. ಹುಡುಗನಾಗಿದ್ದಾಗಲೂ ಯಾರ ಹತ್ತಿರವೂ ಅಷ್ಟು ಮಾತಾಡಿದವನಲ್ಲ ನಾನು.

ಸೋಮವಾರ ಬೆಳಿಗ್ಗೆ ಚಂದಯ್ಯ ಒಬ್ಬನೇ ಬಂದ. ಮುಖ ಬಾಡಿತ್ತು. ಚಹಾ ಬೇಡವೆಂದ. ಚಂದಯ್ಯ ಚಹಾ ಬೇಡವೆಂದರೆ ಏನೋ ದೊಡ್ಡದೇ ಆಗಿದೆ.

"ಎಂತ ಆಯ್ತ್ ಚಂದಯ್ಯ?"

"ಎಂತ ಹೇಳುದ್ ರಾಜೀವಣ್ಣ. ಬಾಗಿ ಮೀನ್ ಬಿಟ್ಟಿದ್ಲ್."

"ಹಾಂ?"

"ನಿಮ್ ಕೀ ಸಿಕ್ಕುವರಿಗೆ ಮೀನ್ ಮುಟ್ಟುದಿಲ್ಲ ಅಂದೇಳಿ ಬೊಬ್ಬರ್ಯ ದೈವಕ್ಕೆ ಹರಕಿ ಹೇಳ್ಕಂಡಿದ್ಲ್, ಗುರುವಾರ್ವೇ. ಅವ್ಳ್ ತಿನ್ನುದಿಲ್ಲ, ಒಲಿ ಮೇಲೂ ಇಡುದಿಲ್ಲ. ನಾಲ್ಕ್ ದಿನ ಆಯ್ತ್, ಬರೀ ಬ್ಯಾಳಿ ಸಾರ್." ಅವನು ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. "ನಿನ್ನಿ ಬಲಿಗೆ ಎಂಥಾ ಬಂಗ್ಡಿ ಬಿದ್ದಿತ್ ಗೊತ್ತಿತ್ತಾ? ಎಲ್ಲ ಮಾರಿ, ಮನಿಗ್ ಬಂದ್ ಬ್ಯಾಳಿ ಸಾರ್ ಉಂಡೆ."

ನನಗೆ ಕೂತಲ್ಲೇ ಬೆವರಿತು. ಹುಟ್ಟಿದಾರಭ್ಯ ಮೀನಿಲ್ಲದೆ ಒಂದು ದಿನವೂ ಉಣ್ಣದ ಹೆಂಗಸು, ನನಗಾಗಿ ನಾಲ್ಕು ದಿನದಿಂದ ಬೇಳೆ ನುಂಗುತ್ತಿದ್ದಾಳೆ. ನಾನಿಲ್ಲಿ ಅವಳು ಹಂಚಿನ ಸಂದಿ ನೋಡುವಾಗ ಏಣಿ ಹಿಡಿದುಕೊಂಡು ಮಜಾ ಮಾಡುತ್ತಿದ್ದೇನೆ. ಹೋಟೆಲಿನವನ ಪಾಪಗಳಲ್ಲಿ ದೊಡ್ಡದು ಹಸಿದವರನ್ನು ಕಾಯಿಸುವುದು. ಅದನ್ನೇ ಮಾಡಿದ್ದೆ. ನಾಚಿಕೆಯಾಯಿತು, ನಿಜವಾಗಿಯೂ.

ಚಂದಯ್ಯ ಅತ್ತ ಹೋದದ್ದೇ ಫ್ರೀಜರಿನಿಂದ ಕೀ ತೆಗೆದೆ, ಹಿತ್ತಿಲ ದಾಸವಾಳದ ಬುಡದಲ್ಲಿ ತರಗೆಲೆಯ ಕೆಳಗೆ ಇಟ್ಟೆ. ಗೋಡೆಯ ಹತ್ತಿರ ಹೋಗಿ ಕರೆದೆ.

"ಬಾಗಿ, ದಾಸ್ವಾಳದ್ ಬುಡ ಒಂದ್ ಕಂಡಿದ್ದಿಲ್ಲ ಅಲ್ದಾ?"

ಬಂದಳು. ಎರಡು ಸಲ ಎಲೆ ಸರಿಸಿದಳು. ಕೀ ಎತ್ತಿ ಹಿಡಿದಳು. ನಾನು ನಾಟಕದ ಕಂಪೆನಿಯವನ ಹಾಗೆ ಎದೆಯ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಟ್ಟೆ. ಬಾಗಿ ಮಾತ್ರ ಕೀಯನ್ನು ಅಂಗೈಯಲ್ಲಿ ಹೊರಳಿಸುತ್ತ ನಿಂತಳು.

"ಎಂತಕೆ ಇದ್ ಇಷ್ಟ್ ತಂಪ್ ಇತ್ತ್?"

"ಇಬ್ಬನಿ ಬಿದ್ದಿರ್ಕ್."

ಅವಳು ಮೂಗಿನ ಹತ್ತಿರ ಹಿಡಿದಳು. ಮೀನಿಲ್ಲದೆ ನಾಲ್ಕು ದಿನ ಕಳೆದ ಮೂಗು!

"ಇಬ್ಬನಿಗೆ ಬಂಗ್ಡಿ ವಾಸ್ನಿ ಬತ್ತಾ ರಾಜೀವಣ್ಣ?"

ನಾನು ದಾಸವಾಳ ನೋಡಿದೆ. ಅವಳು ನನ್ನನ್ನು ನೋಡಿದಳು, ಆಮೇಲೆ ಒಳಗೆ ತೊಳೆದು ಕವುಚಿಟ್ಟಿದ್ದ ಲೋಟಗಳ ಸಾಲು ನೋಡಿದಳು. ಕೀಯನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟಳು.

"ಚಾಕ್ಕೆ ಕರ್ದ್ರೆ ಸಾಕಿತ್ತಲ್ದಾ. ಕೀ ಎಂತಕೆ ಕಳ್ಕಂಬ್ದ್?" ಎಂದಳು, ಮೆಲ್ಲಗೆ, ಬೇರೆ ಯಾರಿಗೂ ಕೇಳದ ಹಾಗೆ. ಗೋಡೆಯ ಆಚೆಗೆ ಹೋದವಳು ಗಂಡನಿಗೆ "ಸಿಕ್ತ್" ಎಂದಷ್ಟೇ ಹೇಳಿದಳು. ಅರ್ಧ ಗಂಟೆಯಲ್ಲಿ ಆ ಮನೆಯಿಂದ ಮೀನು ಸಾರಿನ ಪರಿಮಳ ಬಂತು.

ನಮ್ಮ ಮನೆಗೆ ಯಾರೂ ಬರಲಿಲ್ಲ. ಬರುವುದಾದರೂ ಯಾಕೆ? ಹುಡುಕುವ ವಸ್ತು ಸಿಕ್ಕಿಯಾಗಿದೆ. ನಾನು ಕೀ ಹಿಡಿದು ಚಾವಡಿಯಲ್ಲಿ ಕೂತೆ. ಹೆಂಡತಿಗೂ ಸಿಕ್ಕಿತೆಂದು ಹೇಳಬೇಕು, ಹೇಳಿದರೆ ಮತ್ತೆ ನಲವತ್ತು ಸೆಕೆಂಡು. ಎದ್ದು ಅಂಗಿ ಹಾಕಿಕೊಂಡು ಕಾರು ಹತ್ತಿದೆ.

ದಾರಿಯುದ್ದಕ್ಕೂ ಭಾಷಣ ಸಿದ್ಧ ಮಾಡಿದೆ. ಬಿಜೂರಿನ ಅಂಗಳಕ್ಕೆ ಕಾರು ಹೋದಾಗ ಸ್ನೇಹಲತಾ ಭತ್ತ ಹರವುತ್ತಿದ್ದಳು. ಕೋಲಿಲ್ಲದೆ ನಡೆಯುತ್ತಿದ್ದ ಅಕ್ಕ ನನ್ನನ್ನು ಕಂಡು, ಚಹಾ ಇಡುತ್ತೇನೆಂದು ಬೇಕೆಂದೇ ಒಳಗೆ ಹೋದಳು. ಭಾಷಣ ಪೂರ್ತಿ ಮರೆತುಹೋಯಿತು.

"ಕೀ ಸಿಕ್ತಾ?" ಎಂದಳು.

"ಸಿಕ್ತ್."

"ಯಾವತ್ತ್?"

ಇವತ್ತು ಎಂದರೆ ಮುಗಿಯುತ್ತಿತ್ತು. ಅರವತ್ತು ದಿನದ ಸುಳ್ಳು ಸಾಕಾಗಿತ್ತು ನನಗೆ.

"ಗುರುವಾರ."

"ಮತ್ತೆ ನಿನ್ನಿ ರಾತ್ರಿವರಿಗೂ ಹುಡ್ಕುದೇ ಅಂದ್ರಿ?"

"ಸಿಕ್ತ್ ಅಂದ್ರೆ ನೀನ್ ಮಾತಾಡುದ್ ನಿಲ್ಲುಸ್ತಿದ್ದೆ." ಹರವಿದ ಭತ್ತದ ಅಂಚಿನವರೆಗೆ ಹೋಗಿ ನಿಂತೆ. "ಆ ಮನಿಯಂಗೆ ಒಬ್ಬನೇ ಇಪ್ಪುಕೆ ಆತಿಲ್ಲೆ ನಂಗೆ. ಬಾ."

ಅವಳು ಕೈಯ ಭತ್ತದ ಧೂಳು ಕೊಡವಿಕೊಂಡಳು. ಸೊಂಟದಲ್ಲಿ ಸಿಕ್ಕಿಸಿದ್ದ ಸಣ್ಣ ಪರ್ಸು ತೆಗೆದು ಬಿಚ್ಚಿ, ಕಾರಿನ ಇನ್ನೊಂದು ಕೀಯನ್ನು ನನ್ನ ಮುಂದೆ ಹಿಡಿದಳು.

"ಇದ್ ಯಾವಾಗ ಸಿಕ್ತ್?" ಎಂದೆ.

"ಬುಧವಾರ. ನೀವ್ ಕೇಳುವಾಗ ನನ್ನ್ ಕೈಯಂಗೇ ಇದ್ದಿತ್."

ನನ್ನೊಳಗಿನ ಹಳೆಯ ಮಹಾಪುರುಷ ಧಡಕ್ಕನೆ ಎದ್ದು ನಿಂತ. ಅನ್ಯಾಯ, ಮಹಾ ಅನ್ಯಾಯ! ಅಲ್ಲಿ ಒಬ್ಬಳು ಹೆಂಗಸು ಮೀನು ಬಿಟ್ಟು, ಅವಳ ಗಂಡ ಬೇಳೆ ಸಾರು ಉಂಡು ಕಣ್ಣೀರು ಹಾಕಿ, ಇಡೀ ಕೇರಿ ಹಂಚು ಕಿತ್ತು ನೋಡಿ...

"ಕೀ ಕೈಯಂಗೆ ಇಟ್ಕಂಡ್ ಐದ್ ದಿನ ಸುಮ್ನಿದ್ಯಾ? ಬಸ್ಸಂಗೆ ಕೊಟ್ಟ್ ಕಳ್ಸುಕೆ ಎಂತ ಆಯಿತ್ ನಿಂಗೆ? ಬರೀ ಒಂದ್ ಗಂಟಿ ದಾರಿ."

ಸ್ನೇಹಲತಾ ಸ್ವರ ಏರಿಸಲಿಲ್ಲ.

"ಅದಕ್ ಮುಂಚೆ ಎರಡ್ ತಿಂಗ್ಳ್ ಕೀ ನಿಮ್ ಕಿಸಿಯಂಗೇ ಇದ್ದಿತಲ್ದಾ," ಎಂದಳು. "ಅವಾಗ ಬಿಜೂರಿನ್ ದಾರಿ ಕಳ್ದ್ ಹೋಯಿತ್ತಾ ನಿಮ್ಗೆ?"

ನಾನು ಜಗಲಿಯ ಮೇಲಿದ್ದ, ಬಟ್ಟೆಬರೆ ತುಂಬಿದ ಅವಳ ಬ್ಯಾಗು ಎತ್ತಿದೆ. ಅದನ್ನು ಕಟ್ಟಿಟ್ಟು ಎಷ್ಟು ದಿನವಾಯಿತೆಂದು ಕೇಳುವ ಧೈರ್ಯ ನನಗಿರಲಿಲ್ಲ.