ಕಾಲುಚೀಲದ ಕೊಲೆಗಾರ

ನಮ್ಮ ಮಾಮಾ ಬಹಳ ಒಳ್ಳೆಯವರು ಎಂದು ನಾನೇನಾದರೂ ಹೇಳಿದರೆ, ಅದಕ್ಕೆ ಪುರಾವೆ ಕೇಳುವ ಮೊದಲ ಮನುಷ್ಯ ಸ್ವತಃ ಮಾಮಾ! ನನ್ನ ತಾಯಿಯ ತಮ್ಮ. ಧಾರವಾಡದಿಂದ ಇಂಗ್ಲೆಂಡಿನ ಡರ್ಬಿಗೆ ಬಂದು, ವಿಮಾನದ ಎಂಜಿನ್ನುಗಳ ಬಿಡಿಭಾಗ ತಪಾಸಣೆ ಮಾಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಕಣ್ಣಿಗೆ ಕಾಣದಷ್ಟು ಬಿರುಕಿದ್ದರೂ ಕೆಂಪು ಚೀಟಿ ಕಟ್ಟಿ ವಾಪಸು ಕಳಿಸುವುದು ಅವರ ಕೆಲಸ. ಅದಕ್ಕೆ ನನ್ನ ತಕರಾರಿಲ್ಲ. ವಿಮಾನದಲ್ಲಿ ನಾನೂ ಕೂರುತ್ತೇನೆ. ಆದರೆ ಮನೆಗೆ ಬಂದ ಮೇಲಾದರೂ ಬಿಡಬಾರದೇ? ಮಾಮಿ ಮಾಡಿದ ಎಣಗಾಯಿಗೆ ಅವರ ದೊಡ್ಡ ಹೊಗಳಿಕೆಯೆಂದರೆ "ತಪ್ಪೇನೂ ಕಾಣವಲ್ದು" ಎಂಬುದು. ಅಷ್ಟು ಕೇಳಿದ ದಿನ ಮಾಮಿ ಸಟನ್ ಕೋಲ್ಡ್‌ಫೀಲ್ಡಿನಲ್ಲಿರುವ ನನಗೆ ಫೋನ್ ಮಾಡಿ ಸಂಭ್ರಮಪಡುತ್ತಾರೆ.

ಇಂಥವರ ಒಬ್ಬಳೇ ಮಗಳು ಎಂಜಿನಿಯರ್ ಕೆಲಸ ಬಿಟ್ಟು, ಲೀಡ್ಸ್‌ನ ಹೆಡಿಂಗ್ಲೀಯಲ್ಲಿ ಗೆಳೆಯರ ಜೊತೆ ಮನೆ ಮಾಡಿಕೊಂಡು ಸಿನಿಮಾ ತೆಗೆಯಲು ಹೊರಟಳು. ಒಂದು ಕೊಲೆಯ ರಹಸ್ಯದ ಕಥೆ. ಕೈಯಲ್ಲಿ ಕಾಸಿಲ್ಲ, ಕೊಲೆಗೊಂದು ಮನೆ ಬೇಕು. ಡರ್ಬಿಯ ಮನೆಯಲ್ಲೇ ಕೊಲ್ಲಬಹುದೇ ಎಂದು ಅಪ್ಪನನ್ನು ಕೇಳಿದಳು. ಮಾಮಾ ಒಪ್ಪಿದರು, ಒಂದೇ ಷರತ್ತು: ಯಾರು ಯಾರನ್ನಾದರೂ ಕೊಲ್ಲಲಿ, ಬೂಟು ಮಾತ್ರ ಬಾಗಿಲಾಚೆ ಬಿಟ್ಟು ಬರಬೇಕು!

ಅವಳು ಮೂರು ಸಲ ಬೇಡಿಕೊಂಡಳು. ಬೂಟಿನ ಸಪ್ಪಳ ಕೇಳಿದರೇ ನೋಡುವವರಿಗೆ ಎದೆ ಹೊಡೆದುಕೊಳ್ಳುವುದು ಎಂದಳು. ಮಾಮಾ ಮೂರು ಸಲವೂ ದೇವರ ಜಗಲಿಯ ಕಡೆ ಕೈ ತೋರಿಸಿದರು. ಹಾಗಾಗಿ ಆ ಸಿನಿಮಾದಲ್ಲಿ ಕೊಲೆಗಾರನೂ ಪೊಲೀಸ್ ಅಧಿಕಾರಿಯೂ ಕಾಲುಚೀಲದಲ್ಲೇ ಓಡಾಡುತ್ತಾರೆ. ಸೂಟು ಹಾಕಿದ ಅಧಿಕಾರಿಯ ಒಂದು ಹೆಬ್ಬೆರಳು ಹೊರಗೆ ಇಣುಕುತ್ತದೆ.

ಹೆಣವನ್ನಾದರೂ ಬಿಟ್ಟರೇ? ಅವತ್ತು ನಾನು ಅಲ್ಲೇ ಇದ್ದೆ. ಹೆಣದ ಪಾತ್ರಧಾರಿ ನೆಲದ ಮೇಲೆ ಬಿದ್ದುಕೊಂಡಿದ್ದ, ಇನ್ನೇನು ಕ್ಯಾಮೆರಾ ಶುರುವಾಗಬೇಕು, ಮಾಮಾ ಅಡ್ಡ ಬಂದರು. ಉತ್ತರಕ್ಕೆ ತಲೆ ಹಾಕಿ ಮಲಗಬಾರದಂತೆ.

"ಮಾಮಾ, ಅವ ಸತ್ತಾನ," ಎಂದೆ.

"ಸಿನಿಮಾದಾಗ ಸತ್ತಾನ. ನಮ್ಮ ಮನ್ಯಾಗ ಮಲಗ್ಯಾನ," ಎಂದರು.

ಹೆಣ ಎದ್ದು, ಸಾರಿ ಕೇಳಿ, ಪೂರ್ವಕ್ಕೆ ತಲೆ ಮಾಡಿಕೊಂಡು ಮತ್ತೆ ಸತ್ತಿತು. ಆದರೆ ಬೀಳುವ ದೃಶ್ಯವನ್ನು ಬೆಳಿಗ್ಗೆಯೇ ತೆಗೆದಾಗಿತ್ತು. ಬಿದ್ದದ್ದು ಉತ್ತರಕ್ಕೆ, ಸತ್ತದ್ದು ಪೂರ್ವಕ್ಕೆ!

ಕೊನೆಗೆ ಲೀಡ್ಸ್‌ನ ಪುಟ್ಟ ಸಭಾಂಗಣವೊಂದರಲ್ಲಿ, ಶನಿವಾರ ಮಧ್ಯಾಹ್ನ ಪ್ರದರ್ಶನ. ಒಳಗೆ ಹೋಗುವ ಮುಂಚೆ ಅವಳು ನನ್ನನ್ನು ಪಕ್ಕಕ್ಕೆ ಕರೆದು, ತನ್ನ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು: ಹಳೆಯ ಆಫೀಸಿನವರು ಮತ್ತೆ ಕರೆದಿದ್ದಾರೆ, ಇವತ್ತು ಇದು ಕೆಟ್ಟರೆ ಸೋಮವಾರ ಫೋನ್ ಮಾಡಿ ಒಪ್ಪಿಕೊಳ್ಳುತ್ತೇನೆ. ಎರಡು ವರ್ಷದಿಂದ ಮಾಮಾ ಕೇಳಿದವರಿಗೆಲ್ಲ ಮಗಳು ರಜೆಯ ಮೇಲಿದ್ದಾಳೆ ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು.

ಸಿನಿಮಾ ಹೇಗಿತ್ತು? ನಿಜ ಹೇಳಿಬಿಡುತ್ತೇನೆ. ಕೊಲೆಗಾರನ ಕಾರೂ ಪೊಲೀಸರ ಕಾರೂ ಒಂದೇ. ಇರುವುದೇ ನಾಲ್ಕು ಪಾತ್ರ. ಒಬ್ಬ ಸತ್ತ, ಒಬ್ಬಳು ಅವನ ತಾಯಿ, ಒಬ್ಬ ಪೊಲೀಸ್. ಕೊಲೆಗಾರ ಯಾರೆಂದು ತಲೆ ಕೆಡಿಸಿಕೊಳ್ಳಬೇಕೇ? ಆದರೆ ಬೆಳಗಿನ ಮಂಜಿನಲ್ಲಿ ಕಾಲುವೆ ದಂಡೆಯ ಆ ನಡಿಗೆ ಇತ್ತಲ್ಲ, ಮೈ ಜುಮ್ಮೆಂದಿತು. ಇನ್ನು, ಸತ್ತವನ ತಾಯಿ ಯಾರೂ ಉಣ್ಣದ ಮಗನ ತಟ್ಟೆಯನ್ನು ತೊಳೆದು, ಒರೆಸಿ, ಮತ್ತೆ ತೊಳೆಯುವಾಗ ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ದುಡ್ಡು ಸುರಿದು ತೆಗೆದ ಸಿನಿಮಾಗಳಲ್ಲೂ ನಾನು ಅಂಥದ್ದು ಕಂಡಿಲ್ಲ. ಪಕ್ಕದಲ್ಲಿ ಮಾಮಾ ಏನೋ ಗೀಚುತ್ತಿದ್ದರು. ಇಣುಕಿದೆ. 'ದೌರ್ಬಲ್ಯ' ಎಂಬ ಪಟ್ಟಿ ಹದಿನೇಳಕ್ಕೆ ಮುಟ್ಟಿತ್ತು. 'ಬಲ' ಎಂಬಲ್ಲಿ ಒಂದೇ ಸಾಲು, 'ಬೇಗ ಮುಗಿಯುತ್ತದೆ.'

ಮುಗಿದ ಮೇಲೆ ಪ್ರಶ್ನೆ ಕೇಳುವ ಹೊತ್ತು. ಹಿಂದಿನ ಸಾಲಿನ ಮಹಾಶಯರೊಬ್ಬರು ಎದ್ದು, ಕಾಲುಚೀಲದ ಪೊಲೀಸರನ್ನು ತಾವೆಲ್ಲೂ ನೋಡಿಲ್ಲ, ಹೆಣ ಬೇರೆ ತನ್ನಷ್ಟಕ್ಕೆ ತಿರುಗಿದೆ, ಇಷ್ಟೂ ಗಮನಿಸದೆ ಸಿನಿಮಾ ಏಕೆ ತೆಗೆಯಬೇಕು ಎಂದರು. ಸಭೆ ನಕ್ಕಿತು. ವೇದಿಕೆಯ ಮೇಲೆ ಅವಳ ಮುಖ ಸಣ್ಣದಾಯಿತು. ಅಪ್ಪನ ಕಡೆ ಬೆರಳು ತೋರಿಸಿದ್ದರೆ ಮುಗಿದಿತ್ತು. ತೋರಿಸಲಿಲ್ಲ, ತಪ್ಪು ನನ್ನದೇ ಎಂದಳು.

ಮಾಮಾ ಎದ್ದು ನಿಂತರು. ಅಯ್ಯೋ, ಹದಿನೇಳನ್ನೂ ಓದುತ್ತಾರೆಂದು ನಾನು ಕೋಟು ಹಿಡಿದೆಳೆದೆ. ಕೂರಲಿಲ್ಲ. ಕಾರ್ಖಾನೆಯಲ್ಲಿ ವರದಿ ಒಪ್ಪಿಸುವ ಧಾಟಿಯಲ್ಲೇ ಹೇಳಿದರು: ಮನೆ ನನ್ನದು. ಬೂಟು ಬಿಡಿಸಿದವನು ನಾನು, ಹೆಣ ತಿರುಗಿಸಿದವನೂ ನಾನು. ಅವಳು ಮೂರು ಸಲ ಕೇಳಿದ್ದಳು. ಆ ಎರಡು ತಪ್ಪು ನನ್ನ ಹೆಸರಿಗೆ ಬರೆದುಕೊಳ್ಳಿ, ಉಳಿದದ್ದು ನನ್ನ ಮಗಳ ಕೆಲಸ.

ಮಾಮಾ ತಪ್ಪೊಂದನ್ನು ತಮ್ಮದೆಂದದ್ದು ನಾನು ಕೇಳಿದ್ದು ಅದೇ ಮೊದಲು. ಯಾರೂ ನಗಲಿಲ್ಲ.

ಹೊರಗೆ ಬಂದಾಗ ಅವಳು ಸೋಮವಾರದ ಫೋನಿನ ವಿಷಯ ತಾನೇ ಅಪ್ಪನಿಗೆ ಹೇಳಿದಳು. ಅದಕ್ಕೆ ಮಾಮಾ ಹೇಳಿದ್ದೇ ಬೇರೆ:

"ನಮ್ಮ ಅಣ್ಣ ಹೋದ ಮ್ಯಾಲೆ ನಮ್ಮವ್ವ ಹಿಂಗ ಅವನ ತಾಟು ತೊಳೀತಿದ್ಲು. ನಾ ನಿನಗ ಯಾವತ್ತೂ ಹೇಳಿಲ್ಲ. ನಿನಗ ಹೆಂಗ ತಿಳೀತು?"

ಅವಳಿಗೆ ಕಣ್ಣೀರು ಬಂತು. ಮಾಮಾ ಮಗಳ ಎರಡೂ ಕೈ ಹಿಡಿದುಕೊಂಡು ಅಂದರು: "ಫೋನ್ ಮಾಡಬ್ಯಾಡವ್ವಾ. ನಾ ಇರೂದ್ರೊಳಗ ಇನ್ನೊಂದು ತಗಿ, ನೋಡ್ತೀನಿ."