ಧೋತರದ ಮೇಲೆ ಮೂಡಿದ ಮಾಸ್ತರ

ನಮ್ಮ ಓಣಿಯ ಬಾವಿಯ ಗಡಗಡಿ ಕಿರುಗುಟ್ಟುವುದನ್ನು ನಿಲ್ಲಿಸಿತೆಂದರೆ ಸಂಜೆಯಾಯಿತೆಂದೂ, ಹೆಂಗಸರು ಕೊಡ ಕೆಳಗಿಟ್ಟು ರೇಡಿಯೋ ಕೇಳಲು ನಮ್ಮ ಕಟ್ಟೆಗೆ ಬಂದರೆಂದೂ ಅರ್ಥ. ಸವಣೂರಿನ ಈ ಓಣಿಗೆಲ್ಲ ನಮ್ಮದೊಂದೇ ರೇಡಿಯೋ. ಧಾರವಾಡ ಕೇಂದ್ರವನ್ನು ಹಿಡಿಯುವ ತಿರುಪು ನನ್ನ ಬೆರಳಲ್ಲಿ. ಕಾಲೇಜಿನ ರಜೆಗೆ ಬಂದವಳು ಪಟ್ಟದ ರಾಣಿಯ ಹಾಗೆ ಕೂತಿರುತ್ತಿದ್ದೆ.

ಅರವತ್ಮೂರರ ಬೇಸಿಗೆ. ಒಂದು ಸಂಜೆ ಗಡಗಡಿ ನಿಂತಿತು. ಯಾರೂ ಬರಲಿಲ್ಲ.

ಎಲ್ಲರೂ ಎದುರು ಮನೆಯ ಶಿವಬಸವ್ವನ ಕಟ್ಟೆಯ ಮೇಲಿದ್ದರು. ಅವಳು ದಿಲ್ಲಿಯ ಅಣ್ಣನ ಮನೆಗೆ ಹೋಗಿ ಟೆಲಿವಿಷನ್ ನೋಡಿ ಬಂದಿದ್ದಳು. ಇಡೀ ದೇಶದಲ್ಲಿ ಅದು ಇರುವುದು ದಿಲ್ಲಿಯೊಂದರಲ್ಲೇ. ಅದನ್ನು ಕಂಡ ಕಣ್ಣು ನಮ್ಮ ಓಣಿಯಲ್ಲಿ ಅವಳವೇ.

"ಸಾಲ್ಯಾಗ ಒಂದು ಪೆಟ್ಟಿಗಿ ಇಟ್ಟಾರವ್ವ. ಮಾಸ್ತರ ಅದರೊಳಗಿಂದನ ಪಾಠ ಹೇಳ್ತಾನ."

"ಪೆಟ್ಟಿಗ್ಯಾಗಿನ ಮಾಸ್ತರಗ ಉಣ್ಣಾಕ ಯಾರು ಕೊಡ್ತಾರ?" ಎಂದಳು ಮುದಕವ್ವಜ್ಜಿ. ರೇಡಿಯೋದಲ್ಲಿ ಗಂಡಸು ಮಾತಾಡಿದರೂ ಮುಖದ ಮೇಲೆ ಸೆರಗೆಳೆದುಕೊಳ್ಳುವ ಅಜ್ಜಿ. ನನ್ನ ಮೊದಲ ಪ್ರಜೆ. ಅವಳೂ ಹೋಗಿದ್ದಳು!

ಊರಿನ ಮೆಣಸಿನಕಾಯಿಯನ್ನೆಲ್ಲ ನನ್ನ ಹೊಟ್ಟೆಯಲ್ಲೇ ಒಣಹಾಕಿದಂತಾಯಿತು.

"ಅವ್ವಾ, ದಿಲ್ಲಿ ಸರಕಾರ ಮಾಡಿದ್ದನ್ನ ನಾ ನಮ್ಮ ಪಡಸಾಲ್ಯಾಗ ಮಾಡಿ ತೋರಿಸ್ತೇನಿ."

"ಮದಲ ರೊಟ್ಟಿ ದುಂಡಗ ಮಾಡೂದು ಕಲಿ, ಸಾವಂತ್ರಿ."

ಮಹಾಕಾರ್ಯಗಳಿಗೆ ಮನೆಯವರ ಬೆಂಬಲ ಎಂದೂ ಸಿಕ್ಕಿದ್ದಿಲ್ಲ. ಒಳಬಾಗಿಲಿಗೆ ಅಪ್ಪನ ಧೋತರ ಬಿಗಿದೆ. ಅದರ ಹಿಂದೆ ಕಂದೀಲು, ಕಂದೀಲಿನ ಪಕ್ಕ ರೇಡಿಯೋ, ನಡುವೆ ಅಪ್ಪನ ಕೋಟು ರುಮಾಲು ತೊಟ್ಟ ನಾನು. ಪಾಠ ಹೇಳುವುದು ಧಾರವಾಡ, ಬಾಯಾಡಿಸುವುದು ನನ್ನ ನೆರಳು. ಬಾವಿಕಟ್ಟೆಯಲ್ಲಿ ಸಾರಿ ಬಂದಿದ್ದೆ, ಓಣಿಯೆಲ್ಲ ಬಂತು. ಎಲ್ಲರ ಮುಂದೆ ಶಿವಬಸವ್ವ, ದಿಲ್ಲಿಯ ಸೀರೆಯಲ್ಲಿ.

"ತಾಯಂದಿರೇ, ಬಾವಿಯ ನೀರನ್ನು ಕಾಯಿಸಿ, ಆರಿಸಿ, ಸೋಸಿಯೇ ಕುಡಿಯಬೇಕು," ಎಂದಿತು ರೇಡಿಯೋ. ನಾನು ಬೆರಳೆತ್ತಿ ಬಾಯಾಡಿಸಿದೆ.

"ಅಯ್ಯ, ಖರೇನ ಮಾತಾಡಾಕತ್ತಾನಲ್ಲ!"

ನನ್ನ ಹೊಟ್ಟೆ ತಂಪಾಯಿತು. ಅಷ್ಟರಲ್ಲಿ ಅಜ್ಜಿಯ ದನಿ: "ಪಾಪ, ಬಂದಾಗಿಂದ ಮಾತಾಡಾಕತ್ತಾನ. ಯಾರರ ಒಂದು ತಂಬಿಗಿ ನೀರು ಕೊಟ್ಟೀರೇನು?"

ಧೋತರದ ಅಂಚಿನಿಂದ ಒಂದು ಕೈ ಒಳಬಂತು. ಕೈಯಲ್ಲಿ ತಂಬಿಗೆ, ಅದರ ಬಾಯಿಗೆ ಮುಚ್ಚಿದ ತಾಟಿನಲ್ಲಿ ಬೆಲ್ಲದ ಚೂರು. ಪರಗಂಡಸೆಂದು ಅಜ್ಜಿ ಸೆರಗೆಳೆದುಕೊಂಡು ನೆಲ ನೋಡುತ್ತಿದ್ದಳು.

"ತಗೋರಿ ಮಾಸ್ತರ. ಈಗಷ್ಟ ಸೇದಿದ್ದು."

ಬೇಡವೆನ್ನಲು ಬಾಯಿ ತೆರೆದರೆ ಹೆಣ್ಣಿನ ದನಿ. ತಲೆಯಾಡಿಸಿದರೆ ಅವಳಿಗೆ ಕಾಣದು. ಮನೆಗೆ ಬಂದವರು ನೀರು ಮುಟ್ಟುವ ತನಕ ಆ ಕೈ ಹಿಂದೆ ಸರಿಯುವುದಿಲ್ಲ, ಅದು ಈ ಸೀಮೆಯ ಪದ್ಧತಿ. ಕುಡಿದೆ.

ಧೋತರದ ಮೇಲೆ ಮಾಸ್ತರ ತಲೆಯೆತ್ತಿ ಗಟಗಟ ಕುಡಿದರು. ಅವರ ಧ್ವನಿ ಮಾತ್ರ ಎಲ್ಲೂ ತಡೆಯದೆ ಹೇಳುತ್ತಿತ್ತು: "ಸೇದಿದ ನೀರನ್ನು ಹಾಗೆಯೇ ಕುಡಿಯುವುದು ಶುದ್ಧ ಅಜ್ಞಾನ."



"ಬೆಲ್ಲಾನೂ ತಿನ್ನ ಸಾವಂತ್ರಿ," ಎಂದಳು ಶಿವಬಸವ್ವ, ಮೆಲ್ಲಗೆ.

ನಗೆಯ ಕಟ್ಟೆಯೊಡೆಯಿತು. ನನಗೆ ನೀರು ನೆತ್ತಿಗೇರಿ ಕೆಮ್ಮಿದೆ. ಕೆಮ್ಮಿದ ನೀರು ಕಂದೀಲಿನ ಕಾದ ಗಾಜಿಗೆ ಬಿದ್ದು ಅದು ಚಟ್ಟೆಂದು ಒಡೆಯಿತು, ದೀಪ ಆರಿತು. ಕತ್ತಲಲ್ಲಿ ಧೋತರ ಎಳೆದುಕೊಂಡು ನಾನೇ ಅದರ ಮೇಲೆ ಬಿದ್ದೆ. ಧಾರವಾಡ ಮಾತ್ರ ನೀರು ಸೋಸುತ್ತಲೇ ಇತ್ತು.

"ಮಾಸ್ತರ ಹೋದನ?" ಸೆರಗಿನೊಳಗಿಂದ ಅಜ್ಜಿ ಕೇಳಿದಳು. "ನೆರಳಿನ್ಯಾಗ ಎತ್ತರ ಚಲೋ ಕಾಣ್ತಿದ್ದ. ನಮ್ಮ ಸಾವಂತ್ರಿಗೆ ಜೋಡಿ ಆಕ್ಕಿದ್ದ."

"ಇಬ್ಬರದೂ ಮನಿತನ, ಬೆಡಗು, ಗೋತ್ರ ಎಲ್ಲಾ ಒಂದ ಐತಿ ಅಜ್ಜಿ," ಎಂದಳು ಶಿವಬಸವ್ವ. "ಲಗ್ನ ಕೂಡೂದಿಲ್ಲ."

ಈಗ ನನಗೆ ಹೊಟ್ಟೆಯುರಿ ಎಂಬುದೇ ಇಲ್ಲ. ಜ್ಞಾನ ಎಲ್ಲರ ಸೊತ್ತು. ಅದು ಯಾವ ಕಟ್ಟೆಯ ಮೇಲೆ ಹಂಚಿದರೇನು? ನಾನು ಕಲಿತ ಪಾಠವೆಂದರೆ, ಮನುಷ್ಯರಾದವರು ಎಂದಿಗೂ... ಅಗೋ, ಗಡಗಡಿ ನಿಂತಿತು. ಇವತ್ತು ಯಾರ ಕಟ್ಟೆಗೆ ಹೋದರೋ, ಸುಮ್ಮನೆ ಒಂದಿಷ್ಟು ಹಣಿಕಿ ನೋಡಿ ಬಂದು ಆಮೇಲೆ ಹೇಳುತ್ತೇನೆ...